ದೊಣ್ಣೆಗಳ ಒರತೆ

“ಹೆಂಗಸು ಕಟ್ಟಿದ ಮಠ ಒಂದು ಮಳೆಗಾಲವೂ ಉಳಿಯುವುದಿಲ್ಲ” ಎಂದಿದ್ದವನು ಹೊಳೆಯಾಚೆಯ ಮೇಲೂರಿನ ಗೌಡ. ಈಚೆ ದಡದಲ್ಲಿ ಸನ್ಯಾಸಿನಿ ಗಿರಿಯವ್ವ ಕಟ್ಟಿಯೇ ಕಟ್ಟಿದಳು. ಮಠ ಉಳಿಯಿತು. ಹೊಳೆ ಉಳಿಯಲಿಲ್ಲ.

ಮೇಲಿನ ಕಾಡು ಕಡಿದಿದ್ದರು, ನೀರು ಬತ್ತಿತು. ರಾಜಧಾನಿಯಲ್ಲಿ ಬೆಳಗಿನ ಅರಸ ಸಂಜೆಗೆ ಇರುತ್ತಿರಲಿಲ್ಲ. ಸಂಬಳ ಕಾಣದ ಸೈನಿಕರು ದಾರಿ ಕಾಯುವುದು ಬಿಟ್ಟು ದಾರಿಹೋಕರನ್ನು ದೋಚುತ್ತಿದ್ದರು. ಎರಡೂ ದಡದ ಊರುಗಳಿಗೆ ಉಳಿದದ್ದು, ಹೊಳೆಯ ಮರಳಿನಲ್ಲಿ ಮಠದವರು ತೋಡಿದ ಒಂದು ಒರತೆ.

ಶಿಷ್ಯ ಹಾಲಪ್ಪ ಕೇಳಿದ, “ಅವ್ವಾ, ಈ ನಾಡು ಉಳಿದೀತೇ?”

“ಒರತೆ ಉಳಿಸು. ನಾಡಿನ ಮಾತು ಆಮೇಲೆ.”

ಮೇಲೂರಿನವರು ದೊಣ್ಣೆ ಹಿಡಿದು ಬರುತ್ತಾರೆಂದು ಸುದ್ದಿಯಾಯಿತು. ಹಾಲಪ್ಪ ಒರತೆಯ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿದ. ಬೇಲಿಯೊಳಗೆ, ನೀರಿನ ಅಂಚಿನಲ್ಲೇ, ಈಚೆ ಊರಿನ ಗಟ್ಟಿ ಆಳುಗಳನ್ನು ದೊಣ್ಣೆ ಕೊಟ್ಟು ನಿಲ್ಲಿಸಿದ.

ಅವರ ಕಾಲಡಿಯ ಮರಳು ಜಾರತೊಡಗಿತು. ಮಧ್ಯಾಹ್ನಕ್ಕೆ ಒರತೆ ಮುಚ್ಚಿಹೋಯಿತು.

“ಕಳ್ಳನಿಗೂ ಏನೂ ಉಳಿಸಲಿಲ್ಲವಲ್ಲೋ ನಿನ್ನ ಕಾವಲು” ಎಂದಳು ಗಿರಿಯವ್ವ.

ಅಷ್ಟರಲ್ಲಿ ಗೌಡ ತನ್ನವರೊಡನೆ ಬಂದ. ಹಿಂದೆ ಕೊಡ ಹೊತ್ತ ಹೆಂಗಸರು. ಎರಡೂ ಕಡೆ ದೊಣ್ಣೆ ಮೇಲೆದ್ದವು. ಗಿರಿಯವ್ವ ಹೋಗಿ ನಡುವೆ ಕೂತಳು.

“ಯಾವುದಕ್ಕೆ ಹೊಡೆದಾಡುತ್ತೀ ಗೌಡ, ಮರಳಿಗೋ? ಬೇಕಾದಷ್ಟಿದೆ, ಹೊತ್ತುಕೊಂಡು ಹೋಗು.”

ಗೌಡ ಮುಚ್ಚಿದ ಗುಂಡಿ ನೋಡಿದ. “ನೀರೆಲ್ಲಿ?”

“ಕೆಳಗಿದೆ. ತೋಡಬೇಕು. ನಿನ್ನ ದೊಣ್ಣೆ ಕೊಡು.”

“ನನ್ನ ದೊಣ್ಣೆ ನಿನಗೇಕೆ?”

“ಬೇಡವಾದರೆ ಬಿಡು. ಹಿಡಿದುಕೊಂಡೇ ಬಾಯಾರಿ ನಿಲ್ಲು.”

ಹಿಂದಿನಿಂದ ಗೌಡನ ತಾಯಿ ಗದರಿದಳು. “ಕೊಡೋ ಮಗನೇ. ನಾಲಿಗೆ ಒಣಗಿದೆ. ಬಡಿದಾಟ ನಾಳೆಯೂ ಆದೀತು.”

ಎರಡೂ ಊರಿನವರು ಸೇರಿ ತೋಡಿದರು. ಗಿರಿಯವ್ವ ಅಷ್ಟೂ ದೊಣ್ಣೆಗಳನ್ನು ಗುಂಡಿಯ ಸುತ್ತ ಒತ್ತಾಗಿ ನೆಡಿಸಿದಳು. ಬೇಲಿಯ ಜಾಲಿ ಕೊಂಬೆಗಳನ್ನು ಅವುಗಳ ನಡುವೆ ಹೆಣೆಸಿದಳು. ಮರಳು ಜಾರಲಿಲ್ಲ. ನೀರು ಒಸರಿತು.

ಗೌಡ ಕರಟ ಹಿಡಿದು ಬಗ್ಗಿದ. ಗಿರಿಯವ್ವ ಅವನ ಕೈ ತಡೆದಳು.

“ಈ ಒರತೆಗೆ ಒಂದು ಕಟ್ಟಳೆ. ಯಾರೂ ತಮ್ಮ ಕೊಡ ತಾವು ತುಂಬುವ ಹಾಗಿಲ್ಲ. ಎದುರು ದಡದವರದ್ದು ತುಂಬಬೇಕು.”

ಗೌಡ ತಾಯಿಯ ಮುಖ ನೋಡಿದ. ಆಮೇಲೆ ಹಾಲಪ್ಪನ ಕೊಡ ಎಳೆದುಕೊಂಡು ತುಂಬಿದ. ಹಾಲಪ್ಪ ಗೌಡನ ತಾಯಿಯ ಕೊಡ ತುಂಬಿದ.

ಸಂಜೆ ಎಲ್ಲರೂ ಹೋದ ಮೇಲೆ ಹಾಲಪ್ಪ ಕೇಳಿದ, “ಯಾರಾದರೂ ಆ ದೊಣ್ಣೆ ಕಿತ್ತರೆ, ಅವ್ವಾ?”

“ಕಿತ್ತವನಿಗೂ ಬಾಯಾರಿಕೆ ಇದೆ.”

ಅವನಿಗೆ ಸಮಾಧಾನವಾಗಲಿಲ್ಲ. “ಆ ಗೌಡ ಊರೂರು ತಿರುಗಿ ನಿಮ್ಮನ್ನು ಆಡಿಕೊಂಡವನು. ಇವತ್ತು ನಿಮಗೆ ಸಿಕ್ಕಿದ್ದಾದರೂ ಏನು?”

ಗಿರಿಯವ್ವ ಕರಟವನ್ನು ತೊಳೆದು ದೊಣ್ಣೆಯೊಂದರ ತುದಿಗೆ ಬೋರಲು ಹಾಕಿದಳು.

“ಈಗ ನನಗೆ ಎರಡು ಊರಿವೆ. ಅದಕ್ಕೆ ನಾನು ಕೊಟ್ಟದ್ದು ಒಂದು ಸಿಟ್ಟು. ಬಹಳ ವರ್ಷ ಸಾಕಿದ್ದೆ, ಒಳ್ಳೆಯ ಸಿಟ್ಟು.”