ಮರಗಪ್ಪೆಯ ಬೆರಳಿಗೆ ಮೆತ್ತಿದ ಅಂಟಿನುಂಡೆ

ಭೂಮಿ ಆಗಷ್ಟೇ ಮಿಂದು ಬಂದು ಕೂತಿದ್ದ ಕಾಲ ಅದು, ಪುಟ್ಟೀ. ಬೆಟ್ಟಗಳಿನ್ನೂ ಎಳೆಯವು. ಹೊಳೆಗೆ ಯಾವ ಕಡೆ ಹರಿಯಬೇಕೆಂದು ತಿಳಿಯದೆ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿಕೊಂಡು ಹೋಗುತ್ತಿತ್ತು. ಮನುಷ್ಯರು ಮಾತ್ರ ಆಗಲೂ ಯಾರನ್ನೂ ಕೇಳುತ್ತಿರಲಿಲ್ಲ. ಅವರಿಗೆ ಹೊಸದಾಗಿ ಬೆಂಕಿ ಸಿಕ್ಕಿತ್ತಲ್ಲ, ಎಲ್ಲ ಗೊತ್ತು ಅನ್ನುವ ಜಂಬ ಬಂದುಬಿಟ್ಟಿತ್ತು.

ನೀನು ಮೊದಲು ಆ ಎಣ್ಣೆ ಬಟ್ಟಲನ್ನು ಕೆಳಗಿಡು. ನಿನ್ನ ಕಪ್ಪೆಯ ಕಾಲಿಗೆ ಬಚ್ಚಲಮನೆಯ ಬಾಗಿಲು ತಗುಲಿದೆ, ಅದಕ್ಕೆ ನೋವಾಗಿದೆ, ನನಗೂ ಕಾಣುತ್ತದೆ. ಕಥೆ ಕೇಳಿದ ಮೇಲೂ ಎಣ್ಣೆ ಹಚ್ಚುತ್ತೇನೆ ಅಂದರೆ ಆಗ ನೋಡೋಣ.

ಆ ಕಾಲದಲ್ಲಿ ಕಪ್ಪೆಗಳೆಲ್ಲ ನೆಲದ ಮೇಲೇ ಇದ್ದವು. ಬೆರಳುಗಳು ತೆಳ್ಳಗೆ, ತುದಿಯಲ್ಲಿ ಏನೂ ಇಲ್ಲ. ಅವುಗಳಲ್ಲಿ ಒಂದು ಪುಟ್ಟ ಹಸಿರು ಕಪ್ಪೆಗೆ ಮರದ ಮೇಲೆ ಏನಿದೆ ಎಂದು ನೋಡುವ ಆಸೆ.

“ಬಾ, ಬಾ, ಮೇಲಕ್ಕೆ ಬಾ. ನಾನಿದ್ದೀನಲ್ಲ” ಎಂದಿತು ಗಾಳಿ.

ಕಪ್ಪೆ ತೆವಳಿಕೊಂಡು ಹತ್ತಿತು. ಅರ್ಧ ಮರ ಹತ್ತುವಷ್ಟರಲ್ಲಿ ಗಾಳಿಗೆ ಕುಣಿಯುವ ಹುಕಿ ಬಂತು. ಕೊಂಬೆ ಅಲ್ಲಾಡಿತು, ಕಪ್ಪೆ ದೊಪ್ಪೆಂದು ಕಲ್ಲಿನ ಮೇಲೆ ಬಿತ್ತು, ಹಿಂಗಾಲು ಉಳುಕಿತು. ಗಾಳಿ ಏನೆಂದಿತು ಗೊತ್ತೇ? “ನಾನೇನು ಮಾಡ್ದೆ? ನಾನು ಬೀಸ್ತಾ ಇದ್ದೆ ಅಷ್ಟೇ.” ಕರೆದು ಹತ್ತಿಸಿದವರು ಹೀಗಾ ಮಾತಾಡೋದು?

ಆ ದಾರಿಯಲ್ಲಿ ಸಾಕವ್ವ ಬಂದಳು. ಅವಳು ಊರಿಗೆಲ್ಲ ಬಾಣಂತನ ಮಾಡುವವಳು. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಎಣ್ಣೆ ನೀರು ಹಾಕಿ, ಬೆಚ್ಚಗಿಟ್ಟು, ತಾಯಿ ಮಗು ಇಬ್ಬರನ್ನೂ ಗಟ್ಟಿ ಮಾಡುವ ಕೈ ಅವಳದು. ಅವಳು ಕೆಟ್ಟವಳೆಂದು ನಾನು ಹೇಳುವುದಿಲ್ಲ. ಬಿದ್ದ ಕಪ್ಪೆಯನ್ನು ಕಂಡು ಅವಳ ಕರುಳು ಚುರ್ ಎಂದಿತು.

“ಅಯ್ಯೋ ಕಂದಾ, ಮೈಯೆಲ್ಲ ತಣ್ಣಗಾಗೈತಲ್ಲ! ಬಾ, ನಾನು ನೋಡ್ಕತೀನಿ” ಎಂದು ಮಡಿಲಿಗೆ ಹಾಕಿಕೊಂಡು ಮನೆಗೆ ತಂದಳು.

ಕಪ್ಪೆಯ ಮೈ ತಣ್ಣಗಿರದೆ ಇನ್ನು ಹೇಗಿರಬೇಕಿತ್ತು? ಒಂದು ಮಾತು ಕೇಳಬಾರದಿತ್ತೇ? ಕೇಳಲಿಲ್ಲ.

ಅವಳಿಗೆ ಗೊತ್ತಿದ್ದದ್ದು ಒಂದೇ ಆರೈಕೆ, ಬಾಣಂತಿಯ ಆರೈಕೆ. ಹರಳೆಣ್ಣೆ ತಂದು ಕಪ್ಪೆಯ ತಲೆಯಿಂದ ಕಾಲಿನವರೆಗೆ ತಿಕ್ಕಿದಳು. ಮೇಲೆ ಅರಿಶಿನ ಬಳಿದಳು. ಕಿವಿಗೆ ಹತ್ತಿ ಇಡೋಣವೆಂದರೆ ಕಿವಿಯೇ ಸಿಗಲಿಲ್ಲ, ಅದಕ್ಕೆ ತಲೆಗೇ ಬಟ್ಟೆ ಸುತ್ತಿದಳು. ಕೆಂಡದ ಪಕ್ಕ ಮಲಗಿಸಿ ಸಾಂಬ್ರಾಣಿ ಹೊಗೆ ಹಾಕಿದಳು.

ಕಪ್ಪೆ ಬಾಯಿ ತೆರೆದು “ನೀ...” ಎಂದಿತು.

“ನೀರಾ? ನೀರು ಜಾಸ್ತಿ ಕುಡಿಬಾರ್ದು ಕಂದಾ, ಹೊಟ್ಟೆ ಬರ್ತದೆ” ಎಂದಳು ಸಾಕವ್ವ.

ಹೊರಗೆ ಗಾಳಿಗೆ ತಡವಾಗಿ ನಾಚಿಕೆಯಾಯಿತು. ಹೊಳೆಯ ಕಡೆಯಿಂದ ಒಂದಿಷ್ಟು ತೇವ ಹೊತ್ತು ತಂದು ಬಾಗಿಲು ತಟ್ಟಿತು. “ಸಾಕವ್ವಾ, ಬಾಗಿಲು ತೆಗಿ. ಅದಕ್ಕೆ ಸ್ವಲ್ಪ ತಂಪು ತಾಗ್ಲಿ.”

“ಗಾಳಿ ತಾಗಿದ್ರೆ ಸನ್ನಿ ಆಗ್ತದೆ, ಹೋಗು ಹೋಗು!” ಎಂದು ಸಾಕವ್ವ ಬಾಗಿಲ ಸಂದಿಗೆಲ್ಲ ಬಟ್ಟೆ ತುರುಕಿದಳು.

ನೋಡು ಪುಟ್ಟೀ, ಕಪ್ಪೆ ನೀರು ಕುಡಿಯುವುದು ಬಾಯಿಂದ ಅಲ್ಲ, ಮೈಯಿಂದ. ಎಣ್ಣೆ ಮೆತ್ತಿದ ಮೈ ಮುಚ್ಚಿಹೋಗಿತ್ತು. ಕೆಂಡದ ಬಿಸಿಗೆ ಒಳಗಿದ್ದ ನೀರೂ ಆರುತ್ತಿತ್ತು. ಹಸಿರು ಮೈ ಒಣಗಿದ ಎಲೆಯ ಬಣ್ಣಕ್ಕೆ ತಿರುಗಿತು. ಉಳುಕಿದ ಕಾಲಿನಿಂದ ಯಾರೂ ಸಾಯುವುದಿಲ್ಲ. ಈ ಆರೈಕೆ ಇನ್ನೊಂದು ಸ್ವಲ್ಪ ಹೊತ್ತು ನಡೆದಿದ್ದರೆ ಅದು ಸತ್ತೇಹೋಗುತ್ತಿತ್ತು. ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ.

“ಯಾಕೋ ಸೊರಗ್ತಾ ಐತೆ, ಅಂಟಿನುಂಡೆ ಕೊಡ್ತೀನಿ” ಎಂದಳು ಸಾಕವ್ವ. ಬಾಣಂತಿಗೆ ಸೊಂಟ ಗಟ್ಟಿಯಾಗಲು ಕೊಡುತ್ತಾರಲ್ಲ, ಮರದ ಅಂಟನ್ನು ತುಪ್ಪದಲ್ಲಿ ಹುರಿದು, ಬೆಲ್ಲ ಕೊಬ್ಬರಿ ಹಾಕಿ ಕಟ್ಟುವ ಉಂಡೆ, ಅದು. ಆತುರಕ್ಕೆ ಬಿದ್ದು ಅಂಟು ಅರಳುವ ಮೊದಲೇ ಬಾಣಲೆ ಇಳಿಸಿದಳು. ಹಸಿಹಸಿ ಅಂಟಿನ ಉಂಡೆಯನ್ನು ಕಪ್ಪೆಯ ಬಾಯಿಗೆ ಒತ್ತಿದಳು.

ಕಪ್ಪೆಗೆ ಎಲ್ಲಿತ್ತೋ ಸಿಟ್ಟು! ನಾಲ್ಕೂ ಕಾಲು ಎತ್ತಿ ಉಂಡೆಯನ್ನು ಒದ್ದಿತು. ಒದ್ದ ಬೆರಳುಗಳ ತುದಿಗೆಲ್ಲ ಅಂಟು ಮೆತ್ತಿಕೊಂಡಿತು. ಬಿಡಿಸಿಕೊಳ್ಳಲು ಗೋಡೆಗೆ ಕೈ ಊರಿತು. ಕೈ ಗೋಡೆಗೆ ಹಿಡಿದು ನಿಂತಿತು! ಇನ್ನೊಂದು ಕೈ ಇಟ್ಟಿತು, ಅದೂ ಹಿಡಿಯಿತು. ನೋಯುವ ಕಾಲನ್ನು ಎಳೆದುಕೊಂಡು ಕಪ್ಪೆ ಗೋಡೆ ಹತ್ತಿತು.

ಮೂಲೆಯಲ್ಲಿದ್ದ ನೀರಿನ ಗುಡಾಣ ಎಲ್ಲವನ್ನೂ ನೋಡುತ್ತಿತ್ತು. “ಇತ್ತ ಬಾ ಮಗಾ. ನನ್ನ ಮೈ ಸದಾ ಒದ್ದೆ” ಎಂದು ಮೆಲ್ಲಗೆ ಕರೆಯಿತು. ಕಪ್ಪೆ ಗುಡಾಣದ ಹೊಟ್ಟೆಗೆ ಅವುಚಿಕೊಂಡಿತು. ಜಿನುಗುವ ನೀರು ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿತು, ಅರಿಶಿನವನ್ನು ಇಳಿಸಿತು. ಮೈ ನೀರು ಕುಡಿಯಿತು.

“ಇಳಿ ಕಂದಾ, ಶೀತ ಆಗ್ತದೆ!” ಎಂದು ಸಾಕವ್ವ ಕೈ ಚಾಚಿದಳು.

ಆಗ ಕಪ್ಪೆ ಬಾಯಿ ಬಿಟ್ಟಿತು. ಮನೆಯ ಸೂರು ನಡುಗಿತು.

“ಮುಟ್ಬೇಡ! ನಾನೇನು ಬಾಣಂತಿಯಾ? ನಾನು ಹೆತ್ತಿದ್ದನ್ನ ನೋಡಿದ್ಯಾ? ನನ್ನ ಮೈಯೇ ನನ್ನ ಬಾಯಿ. ಅದಕ್ಕೆ ಎಣ್ಣೆ ಮೆತ್ತಿ ಮುಚ್ಚಿದ್ಯಲ್ಲ! ಏನು ಬೇಕು ಅಂತ ಒಂದು ಸಲ, ಒಂದೇ ಒಂದು ಸಲ ಕೇಳಿದ್ಯಾ?”

ಸಾಕವ್ವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದಳು. “ಪ್ರೀತಿಯಿಂದ ಮಾಡ್ದೆ ಕಣಪ್ಪ” ಎಂದು ಅತ್ತಳು.

“ಪ್ರೀತಿ ಇಟ್ಕೊ, ಬೇಡ ಅಂದೋರ್ಯಾರು? ಕೇಳಿ ಮಾಡು” ಎಂದಿತು ಕಪ್ಪೆ.

ಸಾಕವ್ವ ಕಣ್ಣು ಒರೆಸಿಕೊಂಡಳು. “ಸರಿ. ಏನು ಬೇಕು ಹೇಳು” ಎಂದಳು. ಅವಳು ಜನ್ಮದಲ್ಲಿ ಕೇಳಿದ ಮೊದಲ ಪ್ರಶ್ನೆ ಅದು.

ಕಪ್ಪೆ ಹೇಳಿತು, ಅವಳು ಮಾಡಿದಳು. ಕೆಂಡ ಆರಿಸಿದಳು. ಸಂದಿಯ ಬಟ್ಟೆ ಕಿತ್ತಳು, ಗಾಳಿ ತಲೆ ತಗ್ಗಿಸಿಕೊಂಡು ಒಳಗೆ ಬಂತು. ಹಸಿ ಬಾಳೆಲೆಯ ನೆರಳು ಮಾಡಿ, ಮುಟ್ಟಲೇಬೇಕಾದಾಗ ಮಾತ್ರ ಶುದ್ಧ ನೀರಿನಲ್ಲಿ ಕೈ ತೊಳೆದು, ಒದ್ದೆ ಕೈಯಲ್ಲೇ ಮುಟ್ಟಿದಳು. ಮಿಕ್ಕ ಹೊತ್ತೆಲ್ಲ ಸುಮ್ಮನೆ ಬಿಟ್ಟಳು. ಅದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಕಾಲು ಸರಿಹೋಯಿತು. ಹೊರಡುವ ದಿನ ಸಾಕವ್ವ ಬೆರಳಿನ ಅಂಟು ತೊಳೆಯಲು ನೀರು ತಂದಳು. ಈ ಸಲ ಕೇಳಿಯೇ ತಂದಳು, “ತೊಳೀಲಾ?” ಎಂದು.

ಕಪ್ಪೆ ಕೈ ಹಿಂದಕ್ಕೆ ಎಳೆದುಕೊಂಡಿತು. “ಬೇಡ. ನಿನ್ನ ಆರೈಕೆಯಿಂದ ನನ್ನನ್ನ ಪಾರು ಮಾಡಿದ್ದು ಇದೇ” ಎಂದು ಹೇಳಿ, ಮರಕ್ಕೆ ಹಾರಿ ಸರಸರ ಹತ್ತಿಹೋಯಿತು. ಗಾಳಿ ಎಷ್ಟು ಕುಣಿದರೂ ಬೀಳಲಿಲ್ಲ.

ಮರಗಪ್ಪೆಯ ಬೆರಳ ತುದಿಯಲ್ಲಿ ಇವತ್ತಿಗೂ ಗುಂಡಗೆ ಅಂಟು ಇರುವುದು ಅದಕ್ಕೇ. ನಮ್ಮ ಬಚ್ಚಲಮನೆಯ ಒದ್ದೆ ಗೋಡೆಯನ್ನು ಹುಡುಕಿಕೊಂಡು ಬರುವುದೂ ಅದಕ್ಕೇ, ಪುಟ್ಟೀ. ಮತ್ತೆ ಅಲ್ಲಿ ಕೂತು, ಎಣ್ಣೆ ಬಟ್ಟಲು ಹಿಡಿದು ಬಂದ ನಿನ್ನನ್ನು ಅಷ್ಟು ಹೊತ್ತಿನಿಂದ ಹಾಗೆ ಗುರಾಯಿಸುತ್ತಾ ಇದೆಯಲ್ಲ, ಅದು ನೀನು ಯಾವಾಗ ಕೇಳುತ್ತೀಯ ಎಂದು ಕಾಯುತ್ತಿರುವುದು.