ಬೇಡವೆನ್ನದ ಕುದುರೆ

"ಗುರುಗಳೇ, ಹೇಳಿದ ಮಾತನ್ನು ಎಂದೂ ಮೀರದ ಶಿಷ್ಯ ಸಿಗುವುದು ಗುರುವಿನ ಭಾಗ್ಯವಲ್ಲವೇ? ಇಲ್ಲಿಗೆ ಬಂದಂದಿನಿಂದ ನಾನು ನಿಮ್ಮ ಒಂದು ಮಾತಿಗೂ ಬೇಡವೆಂದವನಲ್ಲ" ಎಂದು ಮರುಳಯ್ಯನೆಂಬ ಶಿಷ್ಯ ಕೇಳಿದ.

ಕೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು. ಗುರುಗಳು ಕೂರು ಎಂದು ಸನ್ನೆ ಮಾಡಿ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ರೇಸಿನ ಕುದುರೆಗಳನ್ನು ಪಳಗಿಸುವವನೊಬ್ಬನಿದ್ದ. ಅವನ ತಂದೆ ಜಟಕಾ ಹೊಡೆಯುತ್ತಿದ್ದ. ದಾರಿಯಲ್ಲಿ ಕುದುರೆ ದಣಿದು ನಿಂತರೆ ತಂದೆಯೂ ಕೆಳಗಿಳಿದು ಅದರ ಪಕ್ಕದಲ್ಲಿ ನಿಲ್ಲುತ್ತಿದ್ದ. ಗಾಡಿಯಲ್ಲಿ ಕೂತವರು ಬೈಯುತ್ತಿದ್ದರು. ಮಗನಿಗೆ ನಾಚಿಕೆಯಾಗುತ್ತಿತ್ತು. ನಾನು ಸಾಕುವ ಕುದುರೆ ನಡುದಾರಿಯಲ್ಲಿ ನಿಲ್ಲಬಾರದು ಎಂದು ಅವನು ಆಗಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದ.

ಮೊದಲು ದೊಡ್ಡವರ ಲಾಯದಲ್ಲಿ ಹುಲ್ಲು ಹಾಕುವ, ಮೈ ಉಜ್ಜುವ ಕೆಲಸಕ್ಕೆ ಸೇರಿದ. ಆಮೇಲೆ ಪಳಗಿಸುವ ಕೆಲಸ ಕೈಗೆ ಬಂತು. ಅವನು ಚಾಟಿ ಮುಟ್ಟುತ್ತಿರಲಿಲ್ಲ. ಹೊಡೆಯದೆ ಪಳಗಿಸುತ್ತಾನೆ ಎಂಬುದೇ ಅವನಿಗೆ ಹೆಸರು ತಂದಿತು. ಮರಿ ಕುದುರೆಗಳಿಗೆ ಕೈಯಾರೆ ತಿನ್ನಿಸಿ, ಕತ್ತು ಸವರಿ, ಹೆಸರು ಹಿಡಿದು ಮಾತಾಡಿಸಿ ಅವು ತನ್ನನ್ನೇ ನೆಚ್ಚಿಕೊಳ್ಳುವಂತೆ ಮಾಡುತ್ತಿದ್ದ. ಯಾವುದಾದರೂ ಒಂದು ಹಟ ಹಿಡಿದು ನಿಂತರೆ ಅದಕ್ಕೆ ಬೆನ್ನು ತೋರಿಸಿ ಹೊರಟುಬಿಡುತ್ತಿದ್ದ. ಅದರ ಕಣ್ಣೆದುರೇ ಪಕ್ಕದ ಕುದುರೆಯನ್ನು ಮುದ್ದು ಮಾಡುತ್ತಿದ್ದ. ಅದು ಕೂಗಿ ಕರೆದರೂ ತಿರುಗಿ ನೋಡುತ್ತಿರಲಿಲ್ಲ. ಯಾವ ಕುದುರೆಯೂ ಅದನ್ನು ಬಹಳ ದಿನ ತಾಳಿಕೊಳ್ಳಲಿಲ್ಲ. ಅವನು ಮತ್ತೆ ಹತ್ತಿರ ಬಂದಾಗ, ಹೇಳಿದ್ದಕ್ಕೆಲ್ಲ ತಲೆಬಾಗುತ್ತಿತ್ತು.

ಅವನ ಕುದುರೆಗಳು ಗೆದ್ದವು. ದೂರದೂರಿನ ಶ್ರೀಮಂತರು ತಮ್ಮ ಕುದುರೆಗಳನ್ನು ಅವನ ಲಾಯಕ್ಕೇ ಕಳಿಸತೊಡಗಿದರು. ಅವನು ರೇಸಿನ ಮೈದಾನಕ್ಕೆ ಬಂದರೆ ಜನ ಎದ್ದು ನಿಂತು ದಾರಿ ಬಿಡುತ್ತಿದ್ದರು.

ಆ ಲಾಯಕ್ಕೆ ಒಬ್ಬ ವ್ಯಾಪಾರಿಯ ಹೆಣ್ಣು ಕುದುರೆಯೊಂದು ಬಂತು. ಕಂದು ಬಣ್ಣ, ಸಣ್ಣ ಮೈ, ಚುರುಕು ಕಣ್ಣು. ಲಾಯದವರು ಅದನ್ನು ಗೊರವಂಕ ಎಂದು ಕರೆದರು. ಬಂದ ಹೊಸದರಲ್ಲಿ ಒಂದು ಬೆಳಗ್ಗೆ ಅದು ಓಡುತ್ತ ಓಡುತ್ತ ತಟಕ್ಕನೆ ನಿಂತಿತು. ಎಷ್ಟು ಹೇಳಿದರೂ ಹೆಜ್ಜೆ ಎತ್ತಲಿಲ್ಲ. ಅವನು ಅದರ ಕಾಲು ನೋಡಲಿಲ್ಲ, ಹಟ ಎಂದುಕೊಂಡ. ಎಂದಿನಂತೆ ಬೆನ್ನು ತಿರುಗಿಸಿ ನಡೆದ. ಮಾರನೆಯ ದಿನ ಲಾಯದ ಆಳು ಅದರ ಗೊರಸಿನೊಳಗೆ ಕೂತಿದ್ದ ಕಲ್ಲಿನ ಚೂರೊಂದನ್ನು ತೆಗೆದ. ಅವನು ಅದನ್ನು ನೋಡಿದ. ಆದರೂ ಅದು ತಾನಾಗಿ ತಲೆಬಾಗುವವರೆಗೆ ಅದರ ಹತ್ತಿರ ಹೋಗಲಿಲ್ಲ.

ಅಂದಿನಿಂದ ಗೊರವಂಕ ಎಂದೂ ನಿಲ್ಲಲಿಲ್ಲ. ಓಡಿದ ಕಡೆಯೆಲ್ಲ ಗೆದ್ದಿತು. ಗೆದ್ದು ಬಂದು ಅವನ ಹೆಗಲಿಗೆ ಮುಖ ಇಡುತ್ತಿತ್ತು. ಇಂಥ ಕುದುರೆ ಜನ್ಮಕ್ಕೊಮ್ಮೆ ಸಿಗುತ್ತದೆ ಎಂದು ಅವನು ಎಲ್ಲರೊಂದಿಗೆ ಹೇಳಿಕೊಂಡ.

ಆ ವರ್ಷದ ದೊಡ್ಡ ರೇಸಿನ ಬೆಳಗ್ಗೆ ಅವನು ಅದರ ಮುಂಗಾಲು ಸವರಿದ. ಒಂದು ಕಡೆ ಸ್ವಲ್ಪ ಬಿಸಿಯಿದ್ದಂತೆ ಅನ್ನಿಸಿತು. ನಡೆಸಿ ನೋಡಿದ. ಅದು ಸರಿಯಾಗಿಯೇ ನಡೆಯಿತು. ಕಾಲು ಒತ್ತಿದ. ಅದು ಕಾಲು ಹಿಂದೆಗೆಯಲಿಲ್ಲ, ಅವನ ಮುಖವನ್ನೇ ನೋಡುತ್ತ ನಿಂತಿತು.

ವ್ಯಾಪಾರಿ ಬಂದು ಕೇಳಿದ: "ಏನಾದರೂ ತೊಂದರೆಯೇ? ಬೇಡವೆನಿಸಿದರೆ ಇವತ್ತು ಓಡಿಸುವುದು ಬೇಡ."

"ನೋವಿದ್ದರೆ ತೋರಿಸುತ್ತಿದ್ದಳು. ಓಡುತ್ತಾಳೆ" ಎಂದ ಅವನು.

ರೇಸು ಶುರುವಾಯಿತು. ಕೊನೆಯ ತಿರುವಿನಲ್ಲಿ ಗೊರವಂಕದ ಹೆಜ್ಜೆ ಒಮ್ಮೆ ತಪ್ಪಿತು. ಬೇಲಿಯ ಬಳಿ ನಿಂತಿದ್ದ ಅವನಿಗೆ ಅದು ಕಂಡಿತು, ಬೇರೆ ಯಾರಿಗೂ ಕಾಣಲಿಲ್ಲ. "ನಿಲ್ಲಿಸು" ಎಂದು ಕೂಗಿದ. ಜನರ ಗದ್ದಲದಲ್ಲಿ ಆ ಕೂಗು ಯಾರಿಗೆ ಕೇಳಬೇಕು? ಗೊರವಂಕ ಎಲ್ಲರಿಗಿಂತ ಮುಂದೆ ಬಂದು ಗೆರೆ ದಾಟಿತು. ದಾಟಿ ಸ್ವಲ್ಪ ದೂರ ಹೋಗಿ ಮಂಡಿಯೂರಿ ಬಿದ್ದಿತು.

ಅವನು ಓಡಿಹೋದ. ಸವಾರ ನೆಲದ ಮೇಲೆ ಕೂತು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಲಗಾಮು ಉಜ್ಜಿ ಎರಡೂ ಅಂಗೈಗಳ ಚರ್ಮ ಸುಲಿದಿತ್ತು.

"ತಿರುವಿನಲ್ಲೇ ಗೊತ್ತಾಯಿತು, ಅಣ್ಣ. ಇದ್ದ ಬಲವನ್ನೆಲ್ಲ ಹಾಕಿ ಎಳೆದೆ. ಅವಳು ನಿಲ್ಲಲಿಲ್ಲ. ಅವಳಿಗೆ ನಿಲ್ಲುವುದೇ ಗೊತ್ತಿಲ್ಲ" ಎಂದ ಸವಾರ.

ಪಶುವೈದ್ಯರು ಬಂದು ನೋಡಿದರು. ಕಾಲಿನ ಮೂಳೆ ಸೀಳಿತ್ತು. ಮಾಡುವಂಥದ್ದು ಏನೂ ಉಳಿದಿರಲಿಲ್ಲ. ನೋವಿಲ್ಲದೆ ಸಾಯಲೆಂದು ಅದಕ್ಕೆ ಸೂಜಿ ಚುಚ್ಚುವಾಗ ಅವನು ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಅದು ಕೊನೆಯವರೆಗೂ ಅವನ ಮುಖವನ್ನೇ ನೋಡುತ್ತಿತ್ತು. ತಾನು ಸರಿಯಾಗಿ ಓಡಿದೆನೇ ಎಂದು ಕೇಳುವಂತಿತ್ತು ಆ ನೋಟ. ಅತ್ತ ಜನ ಅವನ ಹೆಸರು ಹಿಡಿದು ಕೂಗುತ್ತಿದ್ದರು, ಬಹುಮಾನ ಕೊಡಲು ಕರೆಯುತ್ತಿದ್ದರು. ಅವನು ಏಳಲಿಲ್ಲ. ವ್ಯಾಪಾರಿಯೇ ಹೋಗಿ ಬಹುಮಾನ ತೆಗೆದುಕೊಂಡ.

ಮರುದಿನ ಅವನು ಲಾಯಕ್ಕೆ ಹೋಗಿ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದ. ಎಲ್ಲ ಕುದುರೆಗಳೂ ತಲೆಯೆತ್ತಿ ಅವನ ಮುಖ ನೋಡಿದವು. ಒಂದೊಂದರ ಕಾಲನ್ನೂ ಎತ್ತಿ, ಒತ್ತಿ ನೋಡಿದ. ಯಾವುದೂ ಮಿಸುಕಲಿಲ್ಲ. ಕುದುರೆಯ ಮನಸ್ಸು ಬಲ್ಲವನು ಎಂದು ಊರೆಲ್ಲ ಹೊಗಳಿದವನಿಗೆ, ಅಷ್ಟು ಕುದುರೆಗಳಲ್ಲಿ ಯಾವುದಕ್ಕೆ ನೋವಿದೆ, ಯಾವುದಕ್ಕೆ ಇಲ್ಲ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಹೇಳಬಾರದು ಎಂದು ಅವನೇ ಅವಕ್ಕೆ ಕಲಿಸಿದ್ದ.

ಆಮೇಲೆ ಅವನು ಬೇರೆ ರೀತಿ ಕಲಿಸಲು ನೋಡಿದ. ಕುದುರೆ ನಿಂತರೆ ಹತ್ತಿರ ಹೋಗುತ್ತಿದ್ದ, ಕತ್ತು ಸವರುತ್ತಿದ್ದ. ಆದರೆ ಹಳೆಯ ಕುದುರೆಗಳು ನಿಲ್ಲುತ್ತಲೇ ಇರಲಿಲ್ಲ. ಸಂಶಯ ಬಂದಾಗಲೆಲ್ಲ ಅವನು ಕುದುರೆಯನ್ನು ರೇಸಿನಿಂದ ಹಿಂದೆಗೆಯತೊಡಗಿದ. ಸಂಶಯ ದಿನವೂ ಬರುತ್ತಿತ್ತು. ಶ್ರೀಮಂತರು ಸ್ವಲ್ಪ ಕಾಲ ತಾಳಿ, ಕೊನೆಗೆ ಮರ್ಯಾದೆಯಿಂದಲೇ ತಮ್ಮ ಕುದುರೆಗಳನ್ನು ಬೇರೆಡೆಗೆ ಕರೆದೊಯ್ದರು. ಹೋಗುವಾಗ ಪ್ರತಿ ಕುದುರೆಯೂ ಅವನತ್ತ ತಿರುಗಿ ಕೂಗುತ್ತಿತ್ತು. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಕರೆಯುವ ಧೈರ್ಯ ಬರುತ್ತಿರಲಿಲ್ಲ.

ಲಾಯ ಬರಿದಾಯಿತು. ಮೈದಾನದಲ್ಲಿ ಅವನ ಹೆಸರು ಮಾತ್ರ ಬಹಳ ಕಾಲ ಉಳಿಯಿತು. ಅಷ್ಟು ಗೆದ್ದವನು ಮತ್ತೊಬ್ಬನಿಲ್ಲ ಎಂದು ಜನ ಈಗಲೂ ಹೇಳುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು.

ಮರುಳಯ್ಯ ಕೇಳಿದ: "ಹಾಗಾದರೆ ತಪ್ಪು ಯಾರದು, ಗುರುಗಳೇ? ಪಳಗಿಸಿದವನದೋ, ನಿಲ್ಲದೆ ಓಡಿದ ಕುದುರೆಯದೋ?"

"ಅದಿರಲಿ ಮರುಳಯ್ಯ, ನಾಳೆ ನಾನು ನಿನಗೆ ತಪ್ಪು ದಾರಿ ತೋರಿಸಿದರೆ ನೀನೇನು ಮಾಡುತ್ತೀಯೆ?" ಎಂದರು ಗುರುಗಳು.

ಮರುಳಯ್ಯ ತಲೆಯೆತ್ತಿ ಗುರುಗಳ ಮುಖವನ್ನೇ ನೋಡಿದ.