ತೊಡೆಯ ಮೇಲೆ ಬಿದ್ದ ಸ್ಟೇರಿಂಗ್

ಶಾಲಾ ಬಸ್ಸಿನ ಸ್ಟೇರಿಂಗನ್ನು ಡ್ರೈವರನ ಎತ್ತರಕ್ಕೆ ತಕ್ಕಂತೆ ಓರೆ ಮಾಡಿ ಬಿಗಿಯುವ ಲಾಕಿನ ಹಲ್ಲುಗಳು ಸವೆದಿದ್ದವು. ನಿನ್ನೆ ಇಳಿಜಾರಿನಲ್ಲೇ ಲಾಕು ಜಾರಿ ಸ್ಟೇರಿಂಗ್ ಕೆಳಗೆ ಬಿದ್ದಿತ್ತು. ಹೊಸ ಲಾಕು ಹಾಕುವವರೆಗೆ ಮಕ್ಕಳನ್ನು ಹತ್ತಿಸುವುದಿಲ್ಲ ಎಂದ ಡ್ರೈವರ್ ದಸ್ತಗೀರ್.

"ಕೈಯಾಗ ಎತ್ತಿ ಹಿಡಕೊಂಡು ಓಡಸು. ಇಲ್ಲಾಂದ್ರ ನಾಳಿಂದ ಬರಬ್ಯಾಡ," ಎಂದರು ಶಾಲೆಯ ಅಧ್ಯಕ್ಷ ಮಲ್ಲೇಶಪ್ಪ.

ದಸ್ತಗೀರ್ ಕೈಮುಗಿದ. "ಹ್ಯಾಂಗ ಹಿಡೀಬೇಕು, ಒಮ್ಮೆ ಕುಂತು ತೋರಸ್ರಿ ಸಾಹೇಬ್ರ."

ಅಧ್ಯಕ್ಷರು ಗತ್ತಿನಿಂದ ಕುಳಿತು, ನಿಂತ ಬಸ್ಸಿನ ಸ್ಟೇರಿಂಗ್ ತಿರುಗಿಸಿದರು. ಅದು ದಡಕ್ಕನೆ ತೊಡೆಯ ಮೇಲೆ ಬಿದ್ದು ಹೊಟ್ಟೆಗೆ ಒತ್ತಿಕೊಂಡಿತು. ಏಳಲಾಗಲಿಲ್ಲ.

"ಎತ್ತೋ ಮಾರಾಯ!"

"ಎತ್ತಬೌದ್ರಿ. ಆದ್ರ ಎತ್ತಿದ್ದು ನಿಲ್ಲಾಂಗಿಲ್ಲ," ಎಂದ ದಸ್ತಗೀರ್, ನಗದೆ.

ಹೊರಗೆ ನಲವತ್ತು ಮಕ್ಕಳು ಬಸ್ ಹತ್ತಲು ಸಾಲಾಗಿ ನಿಂತಿದ್ದರು. ಮಲ್ಲೇಶಪ್ಪ ಅವರನ್ನೇ ನೋಡಿದರು. ಹಣೆಯ ಬೆವರು ಒರೆಸಿಕೊಂಡರು.

"ಮೊದಲು ಮೆಕ್ಯಾನಿಕ್‌ನ ಕರಿ," ಎಂದರು ಮೆಲ್ಲಗೆ. "ಆಮ್ಯಾಲ ನನ್ನ ಇಳಸು."